ಕೂತಲ್ಲೇ ಇಳಿದ ಟ್ರ್ಯಾಕ್ಟರ್ ಬ್ಯಾಟರಿ: ಹೊಸದು ತರುವ ಮುನ್ನ

ಸಂಕ್ರಾಂತಿ ಹೊತ್ತಿಗೆ ರಾಗಿ ಒಕ್ಕಣೆ ಮುಗಿಸಿ ಶೆಡ್ಡಿಗೆ ಬಿಟ್ಟ ಟ್ರ್ಯಾಕ್ಟರು ಮತ್ತೆ ನೆನಪಾಗೋದು ಭರಣಿ, ಕೃತ್ತಿಕೆ ಮಳೆ ಬಿದ್ದಾಗ. ಬಾಡಿಗೆಗೆ ಓಡಿಸದೆ ಸ್ವಂತ ಹೊಲಕ್ಕಷ್ಟೇ ಇಟ್ಟುಕೊಂಡವರ ಗಾಡಿ ಮೂರು, ಮೂರೂವರೆ ತಿಂಗಳು ಅಲುಗಾಡದೆ ನಿಂತಿರುತ್ತೆ. ಮಳೆಯ ಮಾರನೆ ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು. ಅಷ್ಟೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆ ಬೇಸಿಗೆ ಮುಗಿಯುವಾಗ ಇದು ಪ್ರತಿ ಊರಲ್ಲೂ ಕಾಣುವ ಪಾಡು. ರೇಷ್ಮೆ ಬಿಚ್ಚಾಣಿಕೆಯವರ ಜನರೇಟರ್, ದ್ರಾಕ್ಷಿ ತೋಟದ ಟ್ರ್ಯಾಕ್ಟರ್, ಟೊಮ್ಯಾಟೊ ಬೆಳೆಗಾರರ ಬೆನ್ನಿನ ಸ್ಪ್ರೇಯರ್, ಯಾವುದೇ ಇರಲಿ, ಬ್ಯಾಟರಿ ಇದ್ದಲ್ಲೆಲ್ಲ ಇದೇ ಕತೆ.

ಮಳೆಯಾಶ್ರಿತ ಹೊಲದಲ್ಲಿ ಹದ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲೋದಿಲ್ಲ. ಹಾಗಾಗಿ ಅವಸರದಲ್ಲಿ ಅಂಗಡಿಗೆ ಓಡಿ, ಹಳೆಯದನ್ನು ಕೊಟ್ಟು, ಮೇಲೆ ಸಾವಿರಾರು ರೂಪಾಯಿ ಸುರಿದು ಹೊಸ ಬ್ಯಾಟರಿ ತರುತ್ತೇವೆ. ಹೀಗೆ ಕೊಟ್ಟು ಬರುವ ಹಳೇ ಬ್ಯಾಟರಿಗಳೆಲ್ಲ ನಿಜಕ್ಕೂ ಸತ್ತಿರೋದಿಲ್ಲ. ಕೆಲವು ಬರೀ ಖಾಲಿಯಾಗಿರುತ್ತವೆ. ಖಾಲಿ ಆಗೋದು ಬೇರೆ, ಸಾಯೋದು ಬೇರೆ. ಈ ವ್ಯತ್ಯಾಸ ಮನೆಯಲ್ಲೇ ಕಂಡುಹಿಡಿಯಬಹುದು. ಬೇಕಾದ್ದು ಒಂದು ಮಲ್ಟಿಮೀಟರ್, ಒಂದು ಹೈಡ್ರೋಮೀಟರ್, ಎರಡು ದಿನದ ತಾಳ್ಮೆ.

ಒಳಗೆ ಆಗೋದೇನು?

ನಮ್ಮ ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಲ್ಲಿ ಆರು ಮನೆಗಳಿವೆ. ಒಂದೊಂದು ಮನೆ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತೆ. ಸೀಸದ ಪ್ಲೇಟುಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಕಂಡುಹಿಡಿದ ತತ್ವವೇ ಇವತ್ತಿಗೂ ನಡೆದು ಬಂದಿದೆ.

ಕರೆಂಟು ತೆಗೆದಾಗ ಆಮ್ಲದಲ್ಲಿನ ಸಲ್ಫೇಟು ಪ್ಲೇಟಿಗೆ ಹೋಗಿ ಕೂರುತ್ತೆ, ಆಮ್ಲ ತೆಳುವಾಗುತ್ತೆ. ಚಾರ್ಜು ಮಾಡಿದಾಗ ಅದು ವಾಪಸ್ಸು ಆಮ್ಲಕ್ಕೆ ಬರುತ್ತೆ. ಹೊಸದಾಗಿ ಕೂತ ಸಲ್ಫೇಟು ನಯವಾದ ಪುಡಿ; ಸುಲಭವಾಗಿ ಬಿಟ್ಟು ಬರುತ್ತೆ. ಅದನ್ನೇ ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಕಲ್ಲಾಗುತ್ತೆ. ಬಾಯಿ ತೆರೆದಿಟ್ಟ ಚೀಲದಲ್ಲಿ ಯೂರಿಯ ಗಟ್ಟಿ ಕಟ್ಟುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಇದಕ್ಕೆ ಸಲ್ಫೇಶನ್ ಅಂತಾರೆ.

ಅಂದರೆ ಸುಮ್ಮನೆ ಕೂತಿದ್ದರಿಂದ ಬ್ಯಾಟರಿ ಕೆಡೋದಿಲ್ಲ. ಖಾಲಿಯಾಗಿ ಕೂತಿದ್ದರಿಂದ ಕೆಡುತ್ತೆ. ಇದೊಂದು ಮಾತು ನೆನಪಿದ್ದರೆ ಮುಂದಿನದೆಲ್ಲ ತಾನಾಗೇ ಅರ್ಥವಾಗುತ್ತೆ.

ನಿಂತಲ್ಲೇ ಖಾಲಿಯಾಗೋದು ಹೇಗೆ?

ಎರಡು ದಾರಿ. ಮೊದಲನೆಯದು, ಏನೂ ಜೋಡಿಸದಿದ್ದರೂ ಬ್ಯಾಟರಿ ತಾನೇ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಶಾಖ 10 ಡಿಗ್ರಿ ಏರಿದರೆ ಈ ಇಳಿಕೆ ಸುಮಾರು ಎರಡು ಪಟ್ಟಾಗುತ್ತೆ. ಮಾರ್ಚಿಯಿಂದ ಮೇವರೆಗೆ ತಗಡಿನ ಶೆಡ್ಡಿನ ಕೆಳಗೆ ಎಷ್ಟು ಕಾವಿರುತ್ತೆ ಅಂತ ನಿಮಗೇ ಗೊತ್ತು.

ಎರಡನೆಯದು ಕಳ್ಳ ಸೋರಿಕೆ. ಟೇಪು, ಗಡಿಯಾರವಿರುವ ಮೀಟರು, ಆಲ್ಟರ್ನೇಟರಿನ ಡಯೋಡು, ಇಲಿ ಕಡಿದ ವೈರು, ಇವೆಲ್ಲ ಕೀ ತೆಗೆದ ಮೇಲೂ ಸ್ವಲ್ಪ ಕರೆಂಟು ಎಳೆಯಬಲ್ಲವು. 50 ಮಿಲಿಆಂಪ್ ಸೋರಿಕೆ ಅಂದರೆ ಏನೂ ಅಲ್ಲ ಅನ್ನಿಸಬಹುದು. ಲೆಕ್ಕ ಹಾಕಿ: ದಿನಕ್ಕೆ 1.2 ಆಂಪಿಯರ್-ಗಂಟೆ, 60 ದಿನಕ್ಕೆ 72. ನಮ್ಮ ಬ್ಯಾಟರಿಯೇ 75 ಎ.ಹೆಚ್.! ಎರಡು ತಿಂಗಳಿಗೆ ಪೂರ್ತಿ ಬರಿದು. ಮಿಕ್ಕ ಒಂದೂವರೆ ತಿಂಗಳು ಅದು ಖಾಲಿಯಾಗೇ ಕೂತು ಕಲ್ಲುಗಟ್ಟುತ್ತೆ.

ಮೊದಲು ಕಣ್ಣಲ್ಲಿ ನೋಡಿ

ಬ್ಯಾಟರಿ ಇನ್ನೂ ವಾರಂಟಿಯಲ್ಲಿದ್ದರೆ ಏನೂ ಕೈ ಹಾಕದೆ ಕಾರ್ಡು ಹಿಡಿದು ಡೀಲರ್ ಹತ್ತಿರ ಹೋಗಿ. ವಾರಂಟಿ ಮುಗಿದಿದ್ದರೆ ಮುಂದೆ ಓದಿ.

ಪೆಟ್ಟಿಗೆ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ, ಆಮ್ಲ ಸೋರಿದೆಯೇ? ಹೌದಾದರೆ ಅದರ ಆಯಸ್ಸು ಮುಗಿಯಿತು, ಚಾರ್ಜಿಗೆ ಹಾಕಬೇಡಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಕಿಲುಬು ಇದ್ದರೆ ಸಂತೋಷಪಡಿ. ಎಷ್ಟೋ ಸಲ ತೊಂದರೆ ಇರೋದು ಅಲ್ಲೇ, ಒಳಗಲ್ಲ. ಮೈನಸ್ ತಂತಿ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಗಾಡಿಯ ಬಾಡಿಗೆ ತಾಗಿದರೆ ಬೆಂಕಿ ಕಿಡಿ ಹಾರುತ್ತೆ. ಬಿಸಿನೀರಿಗೆ ಒಂದು ಹಿಡಿ ಅಡುಗೆ ಸೋಡ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಸೋಡದ ನೀರು ಮುಚ್ಚಳದ ಒಳಗೆ ಇಳಿಯಬಾರದು. ಒಣಗಿಸಿ, ಮತ್ತೆ ಬಿಗಿಯಾಗಿ ಜೋಡಿಸಿ ಒಂದು ಸಲ ಸೆಲ್ಫ್ ಹೊಡೆದು ನೋಡಿ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ.

ಆಮೇಲೆ ಅಳೆದು ನೋಡಿ

ತಂತಿ ಬಿಚ್ಚಿ ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದಾಗ ಬರುವ ಅಂಕಿಯ ಅರ್ಥ ಹೀಗೆ:

12.6 ಅಥವಾ ಮೇಲೆ: ತುಂಬಿದೆ
12.4: ಮುಕ್ಕಾಲು
12.2: ಅರ್ಧ
12.0: ಕಾಲು
11.8ಕ್ಕಿಂತ ಕೆಳಗೆ: ಖಾಲಿ

ಇಲ್ಲಿ 12 ಅಂದರೆ ತುಂಬಿದೆ ಅಂತ ತಪ್ಪು ತಿಳಿಯುವವರು ಬಹಳ. ‘ಹನ್ನೆರಡು ವೋಲ್ಟ್ ಬ್ಯಾಟರಿ, ಹನ್ನೆರಡು ತೋರಿಸ್ತಾ ಇದೆ, ಸರಿಯಾಗೇ ಇದೆಯಲ್ಲ’ ಅಂತಾರೆ. ಅದು ಮುಕ್ಕಾಲು ಪಾಲು ಖಾಲಿಯಾದ ಬ್ಯಾಟರಿ.

ಮುಚ್ಚಳ ಬಿಚ್ಚಲು ಬರುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಖಚಿತವಾಗಿ ಹೇಳುತ್ತೆ. ಅದರ ಬೆಲೆ ಬಹಳ ಕಡಿಮೆ. ನಾಲ್ಕು ಮನೆಯವರು ಸೇರಿ ಒಂದು ಇಟ್ಟುಕೊಂಡರೂ ಸಾಕು. 1.250ರ ಮೇಲಿದ್ದರೆ ಚೆನ್ನಾಗಿದೆ. 1.190ರ ಸುತ್ತಮುತ್ತ ಅರ್ಧ. 1.120ಕ್ಕೆ ಇಳಿದಿದ್ದರೆ ಖಾಲಿ. ಅಂಗಡಿಯವರು ಇದನ್ನೇ 1250, 1190, 1120 ಅಂತಾರೆ. ಆರೂ ಮನೆ ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ಈ ಚೀಟಿ ಮುಂದೆ ಕೆಲಸಕ್ಕೆ ಬರುತ್ತೆ.

ಮುಚ್ಚಳವಿಲ್ಲದ ಮೆಂಟೆನೆನ್ಸ್ ಫ್ರೀ ಬ್ಯಾಟರಿಯಲ್ಲಿ ಹಸಿರು ಕಣ್ಣು ಇರುತ್ತಲ್ಲ, ಅದು ತೋರಿಸೋದು ಒಂದೇ ಮನೆಯ ಸ್ಥಿತಿ. ಕಣ್ಣು ಹಸಿರಿದ್ದರೂ ಪಕ್ಕದ ಮನೆ ಕೆಟ್ಟಿರಬಹುದು. ಅಲ್ಲಿ ಮಲ್ಟಿಮೀಟರನ್ನೇ ನಂಬಬೇಕು.

ನೀರು: ಯಾವುದು, ಎಷ್ಟು, ಯಾವಾಗ

ಒಳಗೆ ಪ್ಲೇಟು ನೀರಿನಿಂದ ಮೇಲೆ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಪೂರ್ತಿ ತುಂಬಬೇಡಿ, ಚಾರ್ಜಾಗುವಾಗ ನೀರು ಉಬ್ಬಿ ಹೊರಗೆ ಚೆಲ್ಲುತ್ತೆ. ಗುರುತಿನವರೆಗೆ ತುಂಬೋದು ಚಾರ್ಜು ಮುಗಿದ ಮೇಲೆ.

ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ವಿಚಾರ ಹೇಳಬೇಕಾಗಿಲ್ಲ. ಆಳಕ್ಕೆ ಹೋದಷ್ಟೂ ಲವಣ, ಫ್ಲೋರೈಡ್. ಆ ನೀರಲ್ಲಿರುವ ಕ್ಲೋರೈಡು, ಕಬ್ಬಿಣದಂಶ ಪ್ಲೇಟನ್ನು ತಿನ್ನುತ್ತವೆ. ಊರಿನ ಶುದ್ಧ ನೀರಿನ ಘಟಕದ ನೀರು ಕುಡಿಯೋಕೆ ಚೆನ್ನ, ಬ್ಯಾಟರಿಗಲ್ಲ. ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತೆ.

ಆಮ್ಲ ಮಾತ್ರ ಹಾಕಲೇಬೇಡಿ. ಬ್ಯಾಟರಿಯಿಂದ ಆವಿಯಾಗಿ ಹೋಗೋದು ನೀರು, ಆಮ್ಲ ಅಲ್ಲ. ಹೈಡ್ರೋಮೀಟರ್ ಕಡಿಮೆ ತೋರಿಸಿದ್ದು ಆಮ್ಲ ಕಮ್ಮಿಯಾಗಿ ಅಲ್ಲ, ಅದು ಪ್ಲೇಟಿನಲ್ಲಿ ಕೂತಿರೋದರಿಂದ. ಮೇಲಿಂದ ಆಮ್ಲ ಸುರಿದರೆ ಅಂಕಿ ಏರುತ್ತೆ, ಬ್ಯಾಟರಿ ಏರೋದಿಲ್ಲ. ಪ್ಲೇಟು ಬೇಗ ಸವೆಯುತ್ತೆ.

ನಿಧಾನ ಚಾರ್ಜೇ ಔಷಧಿ

ಚೆನ್ನಾಗಿರುವ ಬ್ಯಾಟರಿಯನ್ನು ಅದರ ಎ.ಹೆಚ್.ನ ಹತ್ತನೇ ಒಂದು ಪಾಲು ಆಂಪಿನಲ್ಲಿ ಚಾರ್ಜು ಮಾಡೋದು ವಾಡಿಕೆ. 75 ಎ.ಹೆಚ್.ಗೆ ಏಳೂವರೆ ಆಂಪ್. ಬಹಳ ದಿನ ಖಾಲಿ ಕೂತ ಬ್ಯಾಟರಿಗೆ ಅದರ ಅರ್ಧ ಅಥವಾ ಇನ್ನೂ ಕಡಿಮೆ, ಅಂದರೆ 3ರಿಂದ 4 ಆಂಪ್ ಸಾಕು. ಗಟ್ಟಿಯಾದ ಸಲ್ಫೇಟು ಅವಸರಕ್ಕೆ ಕರಗೋದಿಲ್ಲ. ಹೆಚ್ಚು ಆಂಪ್ ಕೊಟ್ಟರೆ ಆ ಕರೆಂಟೆಲ್ಲ ಕಾವಾಗಿ, ಗ್ಯಾಸಾಗಿ ಹೋಗುತ್ತೆ, ಪ್ಲೇಟು ಬಾಗುತ್ತೆ. ‘ಒಂದೇ ಗಂಟೆಗೆ ಫುಲ್ ಮಾಡ್ಕೊಡ್ತೀವಿ’ ಅನ್ನೋ ಕಡೆ ಕೊಡಬೇಡಿ. ಬ್ಯಾಟರಿ ಅಂಗಡಿಗೆ ಕೊಡೋದಾದರೆ ‘ಸ್ಲೋ ಚಾರ್ಜಿಗೆ ಹಾಕಿ, ಎರಡು ದಿನ ಆದರೂ ಪರವಾಗಿಲ್ಲ’ ಅಂತ ಹೇಳಿ ಬನ್ನಿ.

ಕಾಲು ಪಾಲು ಉಳಿದ 75 ಎ.ಹೆಚ್. ಬ್ಯಾಟರಿ ತುಂಬಲು, ಮಧ್ಯೆ ಹೋಗುವ ನಷ್ಟ ಸೇರಿ, ಸುಮಾರು 65 ಆಂಪಿಯರ್-ಗಂಟೆ ಬೇಕು. 4 ಆಂಪಿನಲ್ಲಿ 16 ಗಂಟೆ. ಪೂರ್ತಿ ಖಾಲಿಯಾಗಿದ್ದರೆ 24 ಗಂಟೆ, ಕೆಲವಕ್ಕೆ 36. ಖರ್ಚಾಗುವ ಕರೆಂಟು ಎರಡು ಯೂನಿಟ್ಟಿನ ಆಸುಪಾಸು. ಪಂಪ್‌ಸೆಟ್ ಲೈನಿನಲ್ಲಿ ಕರೆಂಟಿರೋದು ಕೆಲವೇ ಗಂಟೆ, ಆದ್ದರಿಂದ ಮನೆ ಲೈನಿಗೇ ಹಾಕಿ. ಮಧ್ಯೆ ಕರೆಂಟು ಹೋದರೆ ಕೆಡುಕಿಲ್ಲ, ಅಷ್ಟು ಗಂಟೆ ಮುಂದಕ್ಕೆ ಸೇರಿಸಿಕೊಳ್ಳಿ.

ಚಾರ್ಜು ಹಾಕುವಾಗ ಮೊದಲು ಕ್ಲಿಪ್ಪು, ಆಮೇಲೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು, ಆಮೇಲೆ ಕ್ಲಿಪ್ಪು. ಕೈಯಿಟ್ಟು ನೋಡಿ, ಪೆಟ್ಟಿಗೆ ಬೆಚ್ಚಗಿದ್ದರೆ ಸರಿ, ಕೈ ಇಡಲಾರದಷ್ಟು ಬಿಸಿಯಾದರೆ ನಿಲ್ಲಿಸಿ ತಣಿಯಲು ಬಿಡಿ. ಆರೂ ಮನೆಯಲ್ಲಿ ಗುಳ್ಳೆ ಏಳುತ್ತಾ, ಗಂಟೆಗೊಮ್ಮೆ ಮೂರು ಸಲ ಅಳೆದರೂ ಹೈಡ್ರೋಮೀಟರಿನ ಅಂಕಿ ಏರದೆ ನಿಂತರೆ ಚಾರ್ಜು ಮುಗಿಯಿತು ಅಂತ ಅರ್ಥ.

ಆ ಗುಳ್ಳೆಗಳಲ್ಲಿ ಜಲಜನಕ ಇರುತ್ತೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಸಿಡಿಯುತ್ತೆ. ಆದ್ದರಿಂದ ಗಾಳಿಯಾಡುವ ಜಗಲಿಯೋ, ಶೆಡ್ಡೋ ಇರಲಿ. ಬೀಡಿ, ಬೆಂಕಿಪೊಟ್ಟಣ ದೂರವಿರಲಿ. ಮಕ್ಕಳು ಮಲಗುವ ಕೋಣೆ ಬೇಡ. ರೇಷ್ಮೆ ಹುಳು ಮನೆಯಂತೂ ಬೇಡವೇ ಬೇಡ. ಹುಳುವಿಗೆ ಯಾವ ಘಾಟೂ ಆಗೋದಿಲ್ಲ. ಆಮ್ಲ ಕಣ್ಣಿಗೆ ಹಾರಿದರೆ ಉಜ್ಜದೆ, ಧಾರಾಳ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಚಾರ್ಜರೇ ಹತ್ತದಿದ್ದರೆ

ಈಗ ಬರುವ ಆಟೋಮ್ಯಾಟಿಕ್ ಚಾರ್ಜರುಗಳು ಬ್ಯಾಟರಿ ತೀರಾ ಇಳಿದಿದ್ದರೆ ‘ಇಲ್ಲಿ ಬ್ಯಾಟರಿಯೇ ಇಲ್ಲ’ ಅಂದುಕೊಂಡು ಸುಮ್ಮನಿರುತ್ತವೆ. ದೀಪ ಹತ್ತೋದಿಲ್ಲ. ಅಷ್ಟಕ್ಕೆ ಬ್ಯಾಟರಿ ಸತ್ತಿತು ಅಂತ ತೀರ್ಮಾನಿಸಬೇಡಿ. ಚೆನ್ನಾಗಿರುವ ಇನ್ನೊಂದು 12 ವೋಲ್ಟ್ ಬ್ಯಾಟರಿಯನ್ನು ದಪ್ಪ ತಂತಿಯಿಂದ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ವೋಲ್ಟ್ ಸ್ವಲ್ಪ ಏರಿದ ಮೇಲೆ ಚಾರ್ಜರ್ ಗುರುತು ಹಿಡಿಯುತ್ತೆ. ತಂತಿ ಬಿಸಿಯಾದರೆ ತಕ್ಷಣ ತೆಗೆಯಿರಿ.

ಹದ ಕಾಯೋದಿಲ್ಲ ಅಂದಾಗ

ಇವತ್ತೇ ಉಳಬೇಕು, ಚಾರ್ಜಿಗೆ ಪುರುಸೊತ್ತಿಲ್ಲ ಅಂದರೆ ಪಕ್ಕದವರ ಟ್ರ್ಯಾಕ್ಟರ್ ಬ್ಯಾಟರಿಯಿಂದ ಸ್ಟಾರ್ಟ್ ಮಾಡಬಹುದು. ಎರಡೂ 12 ವೋಲ್ಟಿನದೇ ಆಗಿರಬೇಕು. ಮೊದಲು ಪ್ಲಸ್ಸಿಂದ ಪ್ಲಸ್ಸಿಗೆ. ಆಮೇಲೆ ಒಳ್ಳೆ ಬ್ಯಾಟರಿಯ ಮೈನಸ್ಸಿಂದ ನಮ್ಮ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಸತ್ತ ಬ್ಯಾಟರಿಯ ಮೈನಸ್ಸಿಗೇ ಹಿಡಿದರೆ ಕೊನೆಯ ಕಿಡಿ ಗ್ಯಾಸಿನ ಪಕ್ಕದಲ್ಲೇ ಹಾರುತ್ತೆ. ಬಿಚ್ಚುವಾಗ ಉಲ್ಟಾ ಕ್ರಮ.

ಸ್ಟಾರ್ಟರ್ ಮೋಟಾರಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ನೆಲದ ಮೇಲೆ ನಿಂತು ಸ್ಟಾರ್ಟ್ ಮಾಡೋದು ಎಲ್ಲೆಲ್ಲೂ ಇದೆ. ದಯವಿಟ್ಟು ಬಿಡಿ. ಗಾಡಿ ಗೇರಿನಲ್ಲಿದ್ದರೆ ಸ್ಟಾರ್ಟಾದ ಕ್ಷಣವೇ ಹಿಂದಿನ ಗಾಲಿ ನಿಂತವನ ಮೇಲೆ ಹತ್ತುತ್ತೆ. ಜಾರಿ ಹಾರೋಕೂ ಟೈಮು ಸಿಗೋದಿಲ್ಲ. ಸ್ಟಾರ್ಟ್ ಮಾಡೋದು ಸೀಟಿನ ಮೇಲೆ ಕೂತು, ನ್ಯೂಟ್ರಲ್ಲಿನಲ್ಲಿ ಮಾತ್ರ.

ಸ್ಟಾರ್ಟಾದ ಮೇಲೆ ‘ಬ್ಯಾಟರಿ ಪರೀಕ್ಷೆ’ ಅಂತ ಓಡುವ ಇಂಜಿನ್ನಿನಿಂದ ಬ್ಯಾಟರಿ ತಂತಿ ಕೀಳಬೇಡಿ. ಆಲ್ಟರ್ನೇಟರಿನ ಡಯೋಡು ಸುಟ್ಟು ಹೋಗುತ್ತೆ. ಒಂದು ದಿನ ಉತ್ತರೂ ಖಾಲಿ ಬ್ಯಾಟರಿ ಪೂರ್ತಿ ತುಂಬುತ್ತೆ ಅನ್ನೋ ಭರವಸೆ ಇಲ್ಲ. ಸಂಜೆ ಬಂದು ಚಾರ್ಜರಿಗೆ ಹಾಕಲೇಬೇಕು.

ಬೆನ್ನಿನ ಸ್ಪ್ರೇಯರಿನ ಬ್ಯಾಟರಿ

12 ವೋಲ್ಟ್, 8 ಅಥವಾ 12 ಎ.ಹೆಚ್.ನ ಈ ಸಣ್ಣ ಸೀಲ್ಡ್ ಬ್ಯಾಟರಿಯೂ ಸೀಸದ್ದೇ, ರೋಗವೂ ಅದೇ. ಬೆಳೆ ಮುಗಿದ ದಿನ ಖಾಲಿಯಾಗಿದ್ದಂಗೇ ಮೂಲೆಗಿಟ್ಟರೆ ಮುಂದಿನ ಬೆಳೆಗೆ ಸಿಗೋದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಅದರದೇ ಚಾರ್ಜರಿನಿಂದ ತುಂಬಿಸಿಡಿ. ಟ್ರ್ಯಾಕ್ಟರಿನ ದೊಡ್ಡ ಚಾರ್ಜರಿಗೆ ಹಾಕಿದರೆ ಉಬ್ಬಿಹೋಗುತ್ತೆ. ಇತ್ತೀಚೆಗೆ ಲಿಥಿಯಂ ಬ್ಯಾಟರಿಯ ಸ್ಪ್ರೇಯರ್ ಬಂದಿವೆ. ಇಲ್ಲಿ ಹೇಳಿದ ಯಾವ ಉಪಾಯವನ್ನೂ ಅದಕ್ಕೆ ಮಾಡಬೇಡಿ. ಬಲವಂತವಾಗಿ ಚಾರ್ಜು ಮಾಡಿದರೆ ಬೆಂಕಿ ಹತ್ತುವ ಅಪಾಯವಿದೆ.

ಕೇಳಿಬರುವ ಉಪಾಯಗಳು

ದ್ರಾಕ್ಷಿಗೆ, ಹಿಪ್ಪುನೇರಳೆಗೆ ಕೊಡುವ ಮೆಗ್ನೀಸಿಯಂ ಸಲ್ಫೇಟನ್ನೇ ಬ್ಯಾಟರಿಗೆ ಹಾಕಿದರೆ ಜೀವ ಬರುತ್ತೆ ಅನ್ನುವವರಿದ್ದಾರೆ. ಕೆಲವು ದಿನ ಸ್ವಲ್ಪ ಚುರುಕಾದಂತೆ ಕಾಣಬಹುದು. ಕಲ್ಲಾದ ಸಲ್ಫೇಟು ಅದರಿಂದ ಕರಗೋದಿಲ್ಲ, ಹೈಡ್ರೋಮೀಟರ್ ಸುಳ್ಳು ಹೇಳೋಕೆ ಶುರುಮಾಡುತ್ತೆ. ಪಟಿಕದ ಕತೆಯೂ ಅಷ್ಟೆ.

ಬರೀ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತೆ ಅನ್ನೋದು ಹಳೇ ಕಾಲದ ರಬ್ಬರ್ ಪೆಟ್ಟಿಗೆಗೆ ಸರಿಯಿತ್ತೇನೋ. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಆದರೂ ಹಲಗೆ ಮೇಲಿಡಿ, ತೇವ, ಕಸ ತಾಗೋದಿಲ್ಲ.

ಉಳಿಯಿತೋ, ಹೋಯಿತೋ?

ಚಾರ್ಜು ಮುಗಿದ ಮೇಲೆ ಒಂದು ರಾತ್ರಿ ಸುಮ್ಮನೆ ಬಿಡಿ. ಬೆಳಿಗ್ಗೆ ಅಳೆಯಿರಿ, ಹಿಂದಿನ ಚೀಟಿ ಎದುರಿಗಿಟ್ಟುಕೊಳ್ಳಿ.

12.5ರ ಮೇಲೆ ನಿಂತು, ಆರೂ ಮನೆ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಗೆದ್ದಿರಿ. ಗಾಡಿಗೆ ಹಾಕಿ ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ಹಿಡಿಯಲು ಹೇಳಿ. 9.6ಕ್ಕಿಂತ ಕೆಳಗೆ ಕುಸಿಯದಿದ್ದರೆ ಈ ಮುಂಗಾರು ಕಳೆಯುತ್ತೆ.

ಐದು ಮನೆ 1.240 ಇದ್ದು ಒಂದು ಮಾತ್ರ 1.190ಕ್ಕೋ ಕೆಳಗೋ ಇದ್ದರೆ, ಅಂದರೆ 50 ಅಂಕಿಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಆ ಮನೆ ಹಾಳು. ಎಷ್ಟು ಚಾರ್ಜು ಮಾಡಿದರೂ 10.5ರ ಸುತ್ತಲೇ ನಿಂತರೂ ಅದೇ ಅರ್ಥ: ಒಂದು ಮನೆ ಪೂರ್ತಿ ಹೋಗಿದೆ. 36 ಗಂಟೆ ಕೊಟ್ಟರೂ ಯಾವ ಮನೆಯಲ್ಲೂ ಅಂಕಿ ಅಲುಗದಿದ್ದರೆ ಸಲ್ಫೇಟು ಕಲ್ಲಾಗಿದೆ. ಇಂಥದ್ದಕ್ಕೆ ಇನ್ನು ಖರ್ಚು ಮಾಡಬೇಡಿ. ತಿಂಗಳುಗಟ್ಟಲೆ ಖಾಲಿ ಕೂತಿದ್ದರಲ್ಲಿ ಕೆಲವು ಹೀಗೇ ಆಗಿರುತ್ತವೆ, ಎಲ್ಲವೂ ಬದುಕಿಬರುತ್ತೆ ಅಂತ ಹೇಳೋಕಾಗೋದಿಲ್ಲ. ಬದುಕಿ ಬಂದದ್ದೂ ಹೊಸದರಷ್ಟು ತಾಕತ್ತು ತೋರಿಸೋದಿಲ್ಲ. ಆದರೆ ಒಂದೋ ಎರಡೋ ವರ್ಷ ಹೆಚ್ಚು ಬಂದರೂ ಅಷ್ಟು ದುಡ್ಡು ಉಳಿದಂಗೇ.

ಸತ್ತ ಬ್ಯಾಟರಿಯನ್ನು ಮನೆಯಲ್ಲಿ ಒಡೆದು ಸೀಸ ತೆಗೆಯಬೇಡಿ. ಆ ಪುಡಿ, ಹೊಗೆ ಮಕ್ಕಳ ಮಿದುಳಿಗೇ ಕುತ್ತು. ಆಮ್ಲ ಹೊಲಕ್ಕೋ ಕಾಲುವೆಗೋ ಚೆಲ್ಲಬೇಡಿ. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿಯನ್ನು ಬೇರೆ ಕಸದ ಜೊತೆ ಸೇರಿಸದೆ ಸಂಗ್ರಹಿಸುವವರಿಗೇ ಒಪ್ಪಿಸಬೇಕು. ಹೊಸದು ಕೊಳ್ಳುವ ಅಂಗಡಿಯಲ್ಲಿ ಕೊಟ್ಟರೆ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಎರಡು ಅಂಗಡಿಯಲ್ಲಿ ವಿಚಾರಿಸಿ, ಹಳೆಯದರ ತೂಕ ಕೇಳಿ, ಆಮೇಲೆ ಕೊಡಿ.

ಮುಂದಿನ ಸಂಕ್ರಾಂತಿಗೆ

ಇಷ್ಟೆಲ್ಲ ಪಾಡು ಪಡುವ ಬದಲು ಗಾಡಿ ನಿಲ್ಲಿಸುವ ದಿನ ಅರ್ಧ ಗಂಟೆ ಕೆಲಸ ಮಾಡಿದರೆ ಸಾಕು:

1. ನಿಲ್ಲಿಸುವ ಮುನ್ನ ಚಾರ್ಜರಿಗೆ ಹಾಕಿ ಪೂರ್ತಿ ತುಂಬಿಸಿ.
2. ನೀರಿನ ಮಟ್ಟ ನೋಡಿ, ಮೇಲ್ಭಾಗ ಒಣಬಟ್ಟೆಯಲ್ಲಿ ಒರೆಸಿ.
3. ಮೈನಸ್ ತಂತಿ ಬಿಚ್ಚಿಡಿ. ಕಳ್ಳ ಸೋರಿಕೆ ಅಲ್ಲಿಗೇ ನಿಂತಿತು.
4. ಆದರೆ ಬ್ಯಾಟರಿಯನ್ನೇ ಇಳಿಸಿ ಮನೆಯ ತಂಪಾದ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ.
5. ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿ. 12.4ಕ್ಕೆ ಇಳಿದರೆ ಮತ್ತೆ ಚಾರ್ಜು.
6. ಟರ್ಮಿನಲ್ಲಿಗೆ ಗ್ರೀಸೋ ವ್ಯಾಸಲೀನೋ ತೆಳ್ಳಗೆ ಸವರಿ.

ವಾರಕ್ಕೊಮ್ಮೆ ಐದು ನಿಮಿಷ ಇಂಜಿನ್ ಓಡಿಸಿದರೆ ಸಾಕಲ್ಲವೇ ಅಂತ ಕೇಳ್ತಾರೆ. ನಿಧಾನ ಓಟದಲ್ಲಿ ಆಲ್ಟರ್ನೇಟರ್ ಕೊಡೋದು ಕಡಿಮೆ. ಸ್ಟಾರ್ಟಿಗೆ ಖರ್ಚಾದದ್ದು ವಾಪಸ್ಸು ಬರಬಹುದು, ವಾರವಿಡೀ ಸೋರಿದ್ದು ಬರೋದಿಲ್ಲ. ಡೀಸೆಲ್ ಸುಟ್ಟಿದ್ದೇ ಲಾಭ. ಶೆಡ್ಡಿಗೆ ಕರೆಂಟಿಲ್ಲದವರು 10, 20 ವ್ಯಾಟಿನ ಸಣ್ಣ ಸೋಲಾರ್ ಪ್ಯಾನೆಲ್ಲನ್ನು ಚಾರ್ಜ್ ಕಂಟ್ರೋಲರ್ ಜೊತೆ ಜೋಡಿಸಿಡಬಹುದು. 10 ವ್ಯಾಟಿನದು ಒಳ್ಳೆ ಬಿಸಿಲಲ್ಲಿ ದಿನಕ್ಕೆ ಸುಮಾರು 3 ಆಂಪಿಯರ್-ಗಂಟೆ ಕೊಡುತ್ತೆ. ಇಳಿಯುವ ಬ್ಯಾಟರಿಯನ್ನು ಹಿಡಿದು ನಿಲ್ಲಿಸಲು ಅಷ್ಟು ಸಾಕು. ಬೇಸಿಗೆಯ ಬಿಸಿಲಿಗಂತೂ ನಮ್ಮ ಕಡೆ ಬರವಿಲ್ಲ.